ಪಟ್ಟದ ರಾಣಿ ಮತ್ತು ಇನ್ನೆರಡು ಬೀಜ

"ಚೀಲ ಬಿಚ್ಚಿ, ವಸಂತಮ್ಮ!"

ನಂಜುಂಡಸ್ವಾಮಿಗಳ ಗುಡುಗಿಗೆ ಗೊಂಬೆ ಮೆಟ್ಟಿಲಿನ ಮೇಲೆ ಅಂಗಡಿ ಹರವಿಕೊಂಡಿದ್ದ ಮಣ್ಣಿನ ಶೆಟ್ಟಿಯೂ ಶೆಟ್ಟಿತಿಯೂ ಒಮ್ಮೆ ಅದುರಿದರು. ಅದುರದೆ ಇದ್ದವರು ವಸಂತಮ್ಮ ಒಬ್ಬರೇ. ಹಸಿರು ಬಟ್ಟೆಯ ಕೈಚೀಲವನ್ನು ಎದೆಗೆ ಅವುಚಿಕೊಂಡು, ನಡುಮನೆಯ ಕಂಬಕ್ಕೆ ಒರಗಿ ಕೂತೇ ಇದ್ದರು.

"ಬಿಚ್ಚಾಕಿಲ್ಲ."

"ಬಿಚ್ಚದೆ ಇದ್ರೆ ಪೊಲೀಸ್ ಕರೀತೀನಿ!"

"ಕರೀರಿ. ಅವರ ಮುಂದೆನೂ ಬಿಚ್ಚಾಕಿಲ್ಲ."

ಮಹದೇವಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತಾ ಇಬ್ಬರನ್ನೂ ನೋಡಿದರು. ದೇವರಾಜ ಮೊಹಲ್ಲಾದಲ್ಲಿ ಕಳೆದುಹೋದದ್ದು ಏನೇ ಇರಲಿ, ಮೂಗುಬೊಟ್ಟಿರಲಿ, ಮುನಿಸಿಕೊಂಡು ಹೋದ ಅಳಿಯನಿರಲಿ, ಜನ ಮೊದಲು ಬರುತ್ತಿದ್ದುದು ಈಕೆಯ ಬಳಿಗೆ. ಆದರೆ ಈ ಸಲದ ಸಂಗತಿ ಬೇರೆ. ಮೊನ್ನೆ ಮಂಗಳವಾರ ಇದೇ ನಡುಮನೆಯಲ್ಲಿ ಇಸ್ಪೀಟಾಟ ನಡೆದಿದ್ದಾಗ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಿಂದ ಪಟ್ಟದ ಗೊಂಬೆ ಜೋಡಿಯ ರಾಣಿ ಮಾಯವಾಗಿದ್ದಳು. ಆ ಮೆಟ್ಟಿಲಿಗೆ ಬೆನ್ನು ಕೊಟ್ಟು ಕೂತಿದ್ದವರು ಸಾಕ್ಷಾತ್ ಮಹದೇವಮ್ಮ!

ಈ ವಿಷಯ ಗಂಡ ಸದಾಶಿವಯ್ಯನವರ ಕಿವಿಗೆ ಬಿದ್ದಾಗಿನಿಂದ ಅವರು ಊಟಕ್ಕೆ ಕೂತಾಗಲೆಲ್ಲ ತಿರುತಿರುಗಿ ಬೆನ್ನ ಹಿಂದೆ ನೋಡಿಕೊಳ್ಳುತ್ತಿದ್ದರು. "ಏನಿಲ್ಲ ಕಣೇ, ಹಿಂದುಗಡೆ ಗೋಡೆ ಇದೆಯೋ ಯಾರಾದ್ರೂ ಒಯ್ದರೋ ಅಂತ ನೋಡ್ದೆ" ಅನ್ನುತ್ತಿದ್ದರು. ಮಹದೇವಮ್ಮ ಸಾರಿಗೆ ಉಪ್ಪು ಹಾಕದೆ ಸೇಡು ತೀರಿಸಿಕೊಂಡಿದ್ದರು.

ಇಂದು ಆಯುಧಪೂಜೆ. ಹೊರಗೆ ಬೀದಿಯಲ್ಲಿ ಸೈಕಲ್ಲು, ಜಟಕಾ, ತಕ್ಕಡಿ, ಹೊಲಿಗೆ ಯಂತ್ರ ಎಲ್ಲವೂ ಚೆಂಡುಹೂವಿನಲ್ಲಿ ಮುಳುಗಿದ್ದವು. ಒಳಗೆ ಮಾತ್ರ ಕೆಂಪು ಚಂದನದ ರಾಜ ಮೇಲಿನ ಮೆಟ್ಟಿಲಿನಲ್ಲಿ ಒಂಟಿಯಾಗಿ ನಿಂತಿದ್ದ. ಸಂಜೆಯ ಆರತಿಗೆ ಬೀಗರ ಕಡೆಯ ಹಿರಿಯರೆಲ್ಲ ಬರುವವರಿದ್ದರು. ರಾಣಿಯಿಲ್ಲದ ಪಟ್ಟ ಕಂಡರೆ ಅವರು ಅಪಶಕುನವೆಂದು ಎದ್ದುಬಿಟ್ಟರೆ?

ಆ ಹೆದರಿಕೆ ನಂಜುಂಡಸ್ವಾಮಿಗಳದು. ಅವರ ಮಗಳು ಪಂಕಜಾಳ ದುಃಖವೇ ಬೇರೆ. ಆ ಜೋಡಿ ಅವಳ ತಾಯಿ ಮಂಗಳಮ್ಮನದು. ತಾಯಿಗೆ ಅವಳ ತಾಯಿ ಕೊಟ್ಟದ್ದು, ಇನ್ನು ಪಂಕಜಾ ಮದುವೆಯಾದ ಮೇಲೆ ಗಂಡನ ಮನೆಗೆ ಒಯ್ಯಬೇಕಾದದ್ದು. ಮಂಗಳಮ್ಮ ಹೋಗಿ ಎರಡು ವರ್ಷವಾಗಿರಲಿಲ್ಲ. ಹೋದ ದಸರಾಕ್ಕೆ ವರ್ಷದ ಮೈಲಿಗೆಯೆಂದು ಗೊಂಬೆ ಕೂರಿಸಿರಲಿಲ್ಲ. ಈ ಸಲ "ನಿಮ್ಮಮ್ಮನ ಜಾಗದಲ್ಲಿ ನಾನು ನಿಲ್ತೀನಿ, ನೀನು ಮುಟ್ಬೇಡ" ಎಂದು ಅಪ್ಪನೇ ಪಟ್ಟದ ಜೋಡಿಯನ್ನು ಮೇಲೆ ಕೂರಿಸಿದ್ದರು. ಗಂಡಸು ಗೊಂಬೆ ಕೂರಿಸಿದ್ದನ್ನು ಕಂಡು ಬೀದಿಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡಿದ್ದರು.

"ನಾನೀಗ ಕರೆಸೇ ಕರೆಸ್ತೀನಿ ಪೊಲೀಸ್‌ನ," ಎಂದು ನಂಜುಂಡಸ್ವಾಮಿಗಳು ಜರಿಶಲ್ಯ ಹೆಗಲಿಗೇರಿಸಿದರು.

"ಕೂತ್ಕೊಳ್ಳಿ ಸ್ವಾಮಿ. ಹಾಲಿಗೆ ನೀರು ಬೆರೆಸಿದ್ರೂ ಪೊಲೀಸು, ಪಕ್ಕದ ಮನೆ ಬೆಕ್ಕು ಬೆಣ್ಣೆ ನೆಕ್ಕಿದ್ರೂ ಪೊಲೀಸು. ಎದ್ದದ್ದು ಕೂತದ್ದಕ್ಕೆಲ್ಲ ಇಸ್ಪೀಟಿನ ಪಣದ ಹಾಗೆ ಏರಿಸ್ತಾನೇ ಇರ್ತೀರಲ್ಲ ನೀವು!" ಎಂದರು ಮಹದೇವಮ್ಮ.

"ಮತ್ತಿನ್ನೇನು ಮಾಡ್ಬೇಕು?"

"ಕೆಲವು ಸಲ ಸುಮ್ನೆ ನೋಡ್ಬೇಕು."

ಮಹದೇವಮ್ಮ ಎದ್ದು ಹೋಗಿ ವಸಂತಮ್ಮನ ಪಕ್ಕ ನೆಲದ ಮೇಲೆ ಕೂತರು. ಚೀಲದ ಕಡೆಗೆ ಕೈ ಚಾಚಲಿಲ್ಲ. ಎಲೆ ಅಡಿಕೆ ಮಡಿಸಿ ಅವರ ಅಂಗೈಗಿಟ್ಟರು.

"ವಸಂತಕ್ಕಾ, ನೀವು ಕಳ್ಳಿ ಅಂತ ನಾನು ಹೇಳಲ್ಲ. ಹೇಳಿದ್ರೆ ನೀವು ಎದ್ದು ಹೋಗ್ತೀರ. ಒಂದೇ ಒಂದು ಸಲ ನೋಡ್ತೀನಿ, ಅಷ್ಟೇ. ಯಾರಿಗೂ ತೋರಿಸ್ಬೇಡಿ. ನನಗೆ ತೋರಿಸಿ."

ವಸಂತಮ್ಮ ಮಂಗಳಮ್ಮನ ಪ್ರಾಣದ ಗೆಳತಿಯಾಗಿದ್ದವರು. ಚೀಲದ ಬಾಯಿ ಸಡಿಲಿಸಿ, ಮುಖ ಅತ್ತ ತಿರುಗಿಸಿಕೊಂಡು, ಮಹದೇವಮ್ಮನ ಕಡೆಗೆ ಒಂದಿಷ್ಟೇ ವಾಲಿಸಿದರು.

ವಾಲಿಸಿದ್ದು ಒಂದಿಷ್ಟು ಹೆಚ್ಚೇ ಆಯಿತು. ಚೀಲದೊಳಗಿನದ್ದೆಲ್ಲ ಗಲಗಲನೆ ನೆಲದ ಮೇಲೆ ಚೆಲ್ಲಿ, ನಂಜುಂಡಸ್ವಾಮಿಗಳ ಕಾಲಿನವರೆಗೂ ಉರುಳಿಹೋಯಿತು.

ಹುಣಸೆಬೀಜ!

"ಥೂ ನನ್ನ ಮಾನ ಹೋಯ್ತು," ಎಂದು ವಸಂತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ಇದು ನಂದಲ್ಲ ಕಣಮ್ಮ. ಮಂಗಳವಾರ ಇಸ್ಪೀಟಲ್ಲಿ ಶಾಂತಾದೇವಿ ಗೆದ್ದಿದ್ದು. ಆವಮ್ಮ ತಗೊಳ್ದೆ ಅಂಗೇ ಎದ್ದೋದ್ಲು. ನಾನು ಬಾಚಿ ಚೀಲಕ್ಕಾಕ್ಕೊಂಡ್‌ಬುಟ್ಟೆ. ಎರಡು ದಿನದಿಂದ ಹೊಟ್ಟೆಗೆ ಸೇರ್‍ತಿಲ್ಲ ನಂಗೆ."

ಮೊದಲು ನಕ್ಕವಳು ಪಂಕಜಾ. ಎರಡು ದಿನದಿಂದ ಅತ್ತು ಕೆಂಪಾಗಿದ್ದ ಕಣ್ಣಿನಲ್ಲೇ ಪಕಪಕನೆ ನಕ್ಕಳು. ಅವಳನ್ನು ಕಂಡು ಮಹದೇವಮ್ಮ ನಕ್ಕರು, ಆಮೇಲೆ ಸೆರಗಿನ ಒಳಗಿಂದ ವಸಂತಮ್ಮನೂ ನಕ್ಕರು. ಕಾಲ ಬೆರಳ ಸಂದಿಗೆ ಸಿಕ್ಕಿದ ಬೀಜವನ್ನು ತೆಗೆಯುತ್ತಾ ನಂಜುಂಡಸ್ವಾಮಿಗಳು, "ಹುಣಸೆಬೀಜಕ್ಕೆ ಪೊಲೀಸ್ ಕರೆಸೋಕೆ ಆಗಲ್ವಲ್ಲ," ಎಂದು ಬೇಸರಪಟ್ಟುಕೊಂಡರು.

ಆದರೆ ಮಹದೇವಮ್ಮನ ನಗು ನಡುವೆಯೇ ನಿಂತಿತು.

"ಏನಂದ್ರಿ ವಸಂತಕ್ಕಾ? ಶಾಂತಾದೇವಿ ಗೆದ್ದ ಬೀಜಾನ ತಗೊಳ್ದೆ ಎದ್ದುಹೋದ್ರಾ?"

"ಊಂ ಕಣಮ್ಮ. ತಲೆನೋವು ಅಂತ ಹೋದ್ಲಲ್ಲ."

"ಪಂಕಜಾ, ಇಸ್ಪೀಟು ತಗೊಂಡು ಬಾ."

ಈ ನಡುಮನೆಯ ಮಂಗಳವಾರದ ಮಂಡಳಿಗೆ ಒಂದು ಚರಿತ್ರೆಯೇ ಇತ್ತು. ಸದಾಶಿವಯ್ಯನವರು ಕ್ಲಬ್ಬಿನಲ್ಲಿ ಪೋಕರ್ ಕಲಿತು ಬಂದು, ಜಂಬ ಕೊಚ್ಚಿಕೊಳ್ಳಲು ಹೆಂಡತಿಗೆ ಹೇಳಿಕೊಟ್ಟರು. ಹೆಂಡತಿ ತಿಂಗಳೊಳಗೆ ಅವರನ್ನು ಸೋಲಿಸಿ, ಬೀದಿಯ ಹೆಂಗಸರಿಗೆಲ್ಲ ಹೇಳಿಕೊಟ್ಟರು. ದುಡ್ಡಿನ ಸೋಂಕಿಲ್ಲ, ಹುಣಸೆಬೀಜವೇ ಪಣ. ಐದೈದು ಎಲೆ, ಬೇಡದ್ದನ್ನು ಒಮ್ಮೆ ಬದಲಾಯಿಸಿಕೊಳ್ಳುವುದು, ಆಮೇಲೆ ಕೊನೆಯ ಸುತ್ತಿನ ಪಣ.

ಮೊದಮೊದಲು ಪಣಕ್ಕೆ ಮಿತಿಯಿರಲಿಲ್ಲ. ಒಂದು ದಿನ ಶಾಂತಾದೇವಿ ಸುಮ್ಮಸುಮ್ಮನೆ ಬಟ್ಟಲು ಬೀಜವನ್ನೆಲ್ಲ ಸುರಿದು ಎಲ್ಲರನ್ನೂ ಹೆದರಿಸಿ ಓಡಿಸಿದ ಮೇಲೆ ದೊಡ್ಡ ಜಗಳವಾಗಿ ಕಟ್ಟಳೆ ಹುಟ್ಟಿತು. ಒಂದು ಸಲಕ್ಕೆ ಎರಡೇ ಬೀಜ. ಏರಿಸುವುದಾದರೆ "ಇನ್ನೆರಡು" ಅನ್ನಬೇಕು. ಕೊನೆಯ ಸುತ್ತಿನಲ್ಲಿ ಎಲ್ಲ ಸೇರಿ ಮೂರೇ ಸಲ ಏರಿಸಬಹುದು, ನಾಲ್ಕನೆಯದಿಲ್ಲ. ಏರಿಸುವ ಮನಸ್ಸಿಲ್ಲದವರು ಎದುರಿನವರು ಹಾಕಿದಷ್ಟನ್ನೇ ಹಾಕಿ "ನೋಡ್ತೀನಿ" ಅಂದರೆ ಎಲೆ ಬಿಚ್ಚಿ ತೋರಿಸಬೇಕು.

ವಸಂತಮ್ಮ ಆಡಲು ಬಂದಾಗಿನಿಂದ ಒಂದೇ ಮಾತು ಆಡಿದವರು. ಕೈಯಲ್ಲಿ ಏನೂ ಇಲ್ಲದಿದ್ದರೂ ನೋಡ್ತೀನಿ, ನಾಲ್ಕು ಎಕ್ಕ ಇದ್ದರೂ ನೋಡ್ತೀನಿ. ಶಾಂತಾದೇವಿ ಇದಕ್ಕೆ ಪೂರಾ ತದ್ವಿರುದ್ಧ. ಕೈಯಲ್ಲಿ ಕಸವಿದ್ದರೂ ಇನ್ನೆರಡು! ಅವರ ನಗು ಬೀದಿಯ ಆ ಕಡೆಯ ಹೂವಿನಂಗಡಿಯವರೆಗೂ ಕೇಳಿಸುತ್ತಿತ್ತು. ಇಂಥ ಶಾಂತಾದೇವಿಯ ಮಗ ಚೆಲುವರಾಜುವಿಗೇ ಪಂಕಜಾಳನ್ನು ಗೊತ್ತುಮಾಡಿದ್ದು.

ಮಹದೇವಮ್ಮ ಮಂಗಳವಾರದ ಕೊನೆಯ ಆಟವನ್ನು ಮತ್ತೆ ಮೇಜಿನ ಮೇಲೆ ಹರಡಿದರು.

"ಪಂಕಜಾ ಮೊದಲೇ ಎಲೆ ಎಸೆದು ಕಾಫಿ ಕಾಯಿಸೋಕೆ ಒಳಗೆ ಹೋದಳು. ನಾನೂ ಎಸೆದೆ. ಉಳಿದದ್ದು ನೀವಿಬ್ಬರು. ವಸಂತಕ್ಕಾ, ನಿಮ್ಮ ಕೈಲಿ ಏನಿತ್ತು?"

"ಏಳರ ಜೋಡಿ."

"ಬರೀ ಏಳರ ಜೋಡಿ! ಮೊದಲು ನೀವು ಎರಡು ಹಾಕಿದ್ರಿ. ಶಾಂತಾದೇವಿ ಇನ್ನೆರಡು ಅಂದ್ರು. ಆಗ ನೀವು..."

"ನಾನೂ ಇನ್ನೆರಡು ಅಂದೆ," ಎಂದರು ವಸಂತಮ್ಮ, ತಾವೇ ನಂಬದವರಂತೆ.

ಆ ಗಳಿಗೆ ಮಹದೇವಮ್ಮನಿಗೆ ಕಣ್ಣಿಗೆ ಕಟ್ಟಿದಂತಿತ್ತು. ವಸಂತಮ್ಮ ಏರಿಸಿದ್ದಾರೆ! ಬೆನ್ನ ಹಿಂದೆ ಅರಮನೆಯ ಆನೆಯೇ ಬಂದು ನಿಂತಿದ್ದರೂ ಆಗ ಅವರು ತಿರುಗಿ ನೋಡುತ್ತಿರಲಿಲ್ಲ.

"ಯಾಕೆ ಏರಿಸಿದ್ರಿ ಅಕ್ಕಾ? ನನ್ನ ಕಣ್ಣು ಕಟ್ಟೋಕೆ ಏರಿಸಿದ್ರಿ ಅಂತ ನಾನು ಎರಡು ದಿನದಿಂದ ನಿಮ್ಮನ್ನೇ ಅನುಮಾನಿಸ್ತಿದ್ದೆ."

ವಸಂತಮ್ಮ ನೆಲ ನೋಡಿದರು. "ಎಲ್ಲಾರೂ ನಗ್ತೀರಲ್ಲಮ್ಮ, ನೋಡ್ತೀನಿ ವಸಂತಮ್ಮ ಬಂದ್ಲು ಅಂತ. ಜನ್ಮಾಪೂರ್ತಿ ಬರೀ ನೋಡಿದ್ದೇ ಆಯ್ತು. ಒಂದ್ಸಲ ನಂಗೂ ಏರಿಸ್ಬೇಕು ಅನ್ನಿಸ್ತು. ಎಂಗಿತ್ತು ಗೊತ್ತಾ? ಎದೆ ಡವಡವ ಅಂತಿತ್ತು. ಸೋತ್ರೂ ಬೋ ಚೆಂದಾಗಿತ್ತು."

ಪಂಕಜಾ ಅವರನ್ನು ಬಾಚಿ ತಬ್ಬಿಕೊಂಡಳು. ಮಹದೇವಮ್ಮನಿಗೂ ಈ ಮುದುಕಿಯ ಮೇಲೆ ಬಹಳ ಪ್ರೀತಿ ಬಂದಿತು. ಆದರೆ ಬೆರಳು ಮಾತ್ರ ಶಾಂತಾದೇವಿಯ ಎಲೆಗಳನ್ನು ಜೋಡಿಸುತ್ತಲೇ ಇತ್ತು. ಮೂರು ಹತ್ತು, ಎರಡು ಒಂಬತ್ತು. ಫುಲ್ ಹೌಸ್, ಅಪರೂಪಕ್ಕೆ ಸೋಲುವ ಕೈ.

"ಇದು ನೋಡಿ. ಶಾಂತಾದೇವಿ ಕೈಲಿ ಫುಲ್ ಹೌಸು. ಮೂರನೇ ಏರಿಕೆಯ ಸರದಿ ಅವರದೇ. ಅದಾದ ಮೇಲೆ ವಸಂತಕ್ಕ ತಿರುಗಿ ಏರಿಸೋ ಹಾಗಿಲ್ಲ. ಆದ್ರೂ ಶಾಂತಾದೇವಿ ಅಂದದ್ದೇನು? ನೋಡ್ತೀನಿ!"

"ವಸಂತತ್ತೆ ಏರಿಸಿದ್ದು ಕಂಡು ಹೆದರಿರಬಹುದಲ್ಲ ಅತ್ತೆ? ಇವರು ಏರಿಸಿದ್ರೆ ನಾಲ್ಕು ಎಕ್ಕವೇ ಇರಬೇಕು ಅಂತ," ಎಂದಳು ಪಂಕಜಾ.

"ಜಾಣೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಕೊನೇ ಸುತ್ತಿನಲ್ಲಿ ನನ್ನ ಕೈ ಚೆನ್ನಾಗಿದೆಯಾ ಅಂತ ಕೇಳ್ಕೊಂಡ್ರೆ ಸಾಲದು ಕಣಮ್ಮ. ಏರಿಸಿದ್ರೆ ಯಾರು ಬೀಜ ಹಾಕ್ತಾರೆ ಅಂತ ಕೇಳ್ಕೋಬೇಕು. ನನಗಿಂತ ಸಣ್ಣ ಕೈಯವರೂ ಹಾಕೋ ಹಾಗಿದ್ರೆ ಏರಿಸು. ಸಣ್ಣವರೆಲ್ಲ ಎದ್ದುಹೋಗಿ, ನನ್ನನ್ನ ಸೋಲಿಸೋರು ಮಾತ್ರ ಹಾಕೋ ಹಾಗಿದ್ರೆ, ಸುಮ್ನೆ ನೋಡು."

"ಹಾಗಾದ್ರೆ ಅವರು ಹೆದರಿದ್ದೇ ಸರಿಯಾಯ್ತಲ್ಲ?"

"ಹೆದರಿ ನೋಡಿದವಳು, ಎದುರಿಗೆ ಬರೀ ಏಳರ ಜೋಡಿ ಕಂಡ್ರೆ ಏನು ಮಾಡ್ತಾಳೆ? ಶಾಂತಾದೇವಿಯಂಥ ಶಾಂತಾದೇವಿ! ಸೂರು ಹಾರೋ ಹಾಗೆ ನಗಬೇಕಿತ್ತು. ಬೀಜಾನ ಮಡಿಲಿಗೆ ಬಾಚ್ಕೋಬೇಕಿತ್ತು. ಆಯಮ್ಮ ಬಾಚ್ಕೊಳ್ಲೇ ಇಲ್ಲ. ತಾನು ಗೆದ್ದದ್ದೇ ಅವರಿಗೆ ಬೇಕಿರಲಿಲ್ಲ. ಆಟ ಬೇಗ ಮುಗಿದ್ರೆ ಸಾಕಿತ್ತು."

ಮಹದೇವಮ್ಮ ಎದ್ದು ಮೇಜನ್ನು ಬಳಸಿ ಹೋಗಿ ಶಾಂತಾದೇವಿಯ ಕುರ್ಚಿಯಲ್ಲಿ ಕೂತರು. ಮಂಗಳವಾರ ಅವರು ಕೂತಿದ್ದ ಜಾಗ. ಅಲ್ಲಿಂದ ಗೊಂಬೆ ಮೆಟ್ಟಿಲು ಪೂರಾ ಕಾಣುತ್ತಿತ್ತು. ಅದರ ಪಕ್ಕದ ಹಿತ್ತಿಲ ಬಾಗಿಲೂ ಕಾಣುತ್ತಿತ್ತು.

"ಅವರು ನೋಡಿದ್ದಾರೆ. ನೋಡಿ ಬಾಯಿ ಮುಚ್ಕೊಂಡಿದ್ದಾರೆ," ಎಂದರು ಮೆಲ್ಲಗೆ.

ಶಾಂತಾದೇವಿಯಂಥ ಬಾಯಾಳಿ ಯಾರಿಗೋಸ್ಕರ ಬಾಯಿ ಮುಚ್ಚಿಕೊಂಡಾರು? ಉತ್ತರ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಪಂಕಜಾಳ ಮುಖ ಬಿಳಿಚಿಕೊಂಡಿತು. ನಂಜುಂಡಸ್ವಾಮಿಗಳ ಮುಖ ಕೆಂಪೇರಿತು.

"ಆ ಚೆಲುವರಾಜು! ನನ್ನ ಅಳಿಯ ಆಗೋನು! ಬರಲಿ ಅವರಮ್ಮ. ಎಲ್ಲರ ಮುಂದೆ ಕೇಳ್ತೀನಿ. ಪೊಲೀಸ್..."

ಅಷ್ಟರಲ್ಲಿ ಬೀದಿಯಲ್ಲಿ ಜಟಕಾದ ಗೆಜ್ಜೆ ನಿಂತ ಸದ್ದಾಯಿತು.

"ಕೇಳಿ ಸ್ವಾಮಿ," ಎಂದು ಮಹದೇವಮ್ಮ ಅವರ ಶಲ್ಯ ಹಿಡಿದೆಳೆದು ಕೂರಿಸಿದರು. "ಈಗ ನೀವು ಏರಿಸಿದ್ರೆ ಆಯಮ್ಮ ಎಲೆ ಎಸೆದು ಎದ್ದು ಹೋಗ್ತಾರೆ. ಅವರ ಜೊತೆ ಮದುವೆನೂ ಹೋಗುತ್ತೆ, ಗೊಂಬೆನೂ ಹೋಗುತ್ತೆ. ಕೈಲಿ ಏನಿದೆ ಅಂತ ನಮಗೆ ಗೊತ್ತೇ ಆಗಲ್ಲ."

ಪಂಕಜಾ ಅವರ ಕೈ ಹಿಡಿದುಕೊಂಡಳು. "ಅತ್ತೆ, ನಂಗೆ ಅಮ್ಮನ ಗೊಂಬೆನೂ ಬೇಕು. ಅವರೂ ಬೇಕು."

"ಗೊತ್ತು ಕಣೇ. ಕಾಫಿ ಇಡು ಹೋಗು."

ಶಾಂತಾದೇವಿ ಒಬ್ಬರೇ ಒಳಗೆ ಬಂದರು. ಹಸಿರು ರೇಷ್ಮೆ, ಮುಡಿತುಂಬ ಹೂವು, ಕಂಕುಳಲ್ಲಿ ಸೇವಂತಿಗೆಯ ಬುಟ್ಟಿ. ಬಾಗಿಲಲ್ಲೇ ಕೇಳಿಸಬೇಕಿದ್ದ ನಗು ಮಾತ್ರ ಇರಲಿಲ್ಲ.

"ಹಿರಿಯರೆಲ್ಲ ಸಂಜೆಗೆ ಬರ್ತಾರೆ. ಆರತಿಗೆ ಹೂವು ಕೊಟ್ಟು ಹೋಗೋಣ ಅಂತ ಬಂದೆ," ಎಂದರು, ಮೇಲಿನ ಮೆಟ್ಟಿಲಿನ ಕಡೆ ನೋಡದೆ.

"ಕೂತ್ಕೊಳ್ಳಿ," ಎಂದು ಮಹದೇವಮ್ಮ ಬೊಗಸೆತುಂಬ ಹುಣಸೆಬೀಜ ತಂದು ಅವರ ಮುಂದೆ ಸುರಿದರು. "ನಿಮ್ದು. ಮಂಗಳವಾರ ಗೆದ್ದು ಇಲ್ಲೇ ಮರೆತು ಹೋಗಿದ್ರಿ."

ಶಾಂತಾದೇವಿ ಬೀಜಗಳನ್ನು ನೋಡಿದರು. ಪಕ್ಕದಲ್ಲಿ ಹರಡಿದ್ದ ತಮ್ಮದೇ ಮೂರು ಹತ್ತು ಎರಡು ಒಂಬತ್ತನ್ನೂ ನೋಡಿದರು. ಆಮೇಲೆ ಮಹದೇವಮ್ಮನ ಮುಖ ನೋಡಿದರು. ಆಟ ಬಲ್ಲವರಿಗೆ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ನಾನು ಏರಿಸಲ್ಲ ಶಾಂತಾದೇವಿ," ಎಂದರು ಮಹದೇವಮ್ಮ. "ಬರೀ ನೋಡ್ತೀನಿ."

ನಂಜುಂಡಸ್ವಾಮಿಗಳು ಬಾಯಿ ತೆರೆದರು, ವಸಂತಮ್ಮ ಅವರ ಕಾಲು ತುಳಿದರು.

ಶಾಂತಾದೇವಿ ಸೇವಂತಿಗೆಯ ಬುಟ್ಟಿಯೊಳಗೆ ಕೈ ಹಾಕಿದರು. ಹೂವಿನಡಿಯಿಂದ ಮೇಲೆದ್ದು ಬಂದಳು ರಾಣಿ. ಕೆಂಪು ಸೀರೆ, ಹಣೆಯಲ್ಲಿ ಬೊಟ್ಟು, ಮೂಗಿನಲ್ಲಿ ಮಿರಮಿರ ಮಿಂಚುವ ಹೊಸ ಹರಳು.

"ಮೂಗುಬೊಟ್ಟು!" ಎಂದಳು ಪಂಕಜಾ, ಕಾಫಿ ಲೋಟ ಹಿಡಿದು ಬಂದವಳು.

"ಅದಕ್ಕೇ ಇಷ್ಟೆಲ್ಲ ರಾಮಾಯಣ ಕಣಮ್ಮ," ಎಂದು ಶಾಂತಾದೇವಿ ಕಣ್ಣೊರೆಸಿಕೊಂಡರು. "ದಸರಾ ವಸ್ತುಪ್ರದರ್ಶನಕ್ಕೆ ಹೋಗಿದ್ದಾಗ ನೀನೇ ಅವನಿಗೆ ಹೇಳಿದ್ಯಂತೆ, ರಾಣಿ ಮೂಗುಬೊಟ್ಟು ಬಿದ್ದುಹೋಗಿ ನಿಮ್ಮಮ್ಮ ಕಡೇವರೆಗೂ ಕೊರಗ್ತಿದ್ರು ಅಂತ. ನಿನಗೆ ತಿಳಿಯದ ಹಾಗೆ ಹರಳು ಕೂರಿಸಿ ತಂದಿಡೋಣ ಅಂತ ಆ ಕತ್ತೆ ಹಿತ್ತಿಲ ಬಾಗಿಲಿಂದ ಬಂದ. ನಾನು ನೋಡಿದ್ನ ಕಂಡು, ಅಮ್ಮ ಸುಮ್ನಿರು ಅಂತ ಬಾಯಿ ಮೇಲೆ ಬೆರಳಿಟ್ಟು ಓಡ್ದ. ನಂಗೆ ಕೈಕಾಲೇ ಆಡಲಿಲ್ಲ. ಎಂಥಾ ಫುಲ್ ಹೌಸು, ಎಂಥಾ ಏರಿಸೋದು!"

"ಅವತ್ತು ಸಂಜೆನೇ ತಂದಿಡಬಹುದಿತ್ತಲ್ಲ?" ಎಂದರು ಮಹದೇವಮ್ಮ.

"ತರ್‍ತಿದ್ದ. ಬಾಗಿಲಿಗೆ ಬಂದ್ರೆ ಒಳಗೆ ಇವರು ಪೊಲೀಸ್ ಪೊಲೀಸ್ ಅಂತ ಕೂಗ್ತಿದ್ರು. ಹಂಗೇ ವಾಪಸ್ ಓಡ್ದ."

ಎಲ್ಲರ ಕಣ್ಣೂ ನಂಜುಂಡಸ್ವಾಮಿಗಳ ಮೇಲೆ ಬಿದ್ದವು. ಅವರು ಶಲ್ಯ ಸರಿಮಾಡಿಕೊಂಡರು.

"ನಮ್ದು ಬರೀ ಗಂಡುಮಕ್ಕಳ ಮನೆ ಕಣ್ರೀ. ಗೊಂಬೆ ಕೂರಿಸಿದೋರಲ್ಲ," ಎಂದು ಶಾಂತಾದೇವಿ ದನಿ ತಗ್ಗಿಸಿದರು. "ಪಟ್ಟಕ್ಕೆ ಕೂತ ರಾಣೀನ ವಿಜಯದಶಮಿ ಆಗೋವರೆಗೂ ಕದಲಿಸಬಾರದು ಅಂತ ಅವನಿಗೇನು ಗೊತ್ತು? ಮದುವೆಗೆ ಮುಂಚೆ ಗಂಡೇ ರಾಣೀನ ಎಬ್ಬಿಸಿದ ಅಂದ್ರೆ ನೀವು ಸಂಬಂಧ ಬೇಡ ಅಂತೀರೇನೋ ಅಂತ ಭಯ ನಂಗೆ. ಈಗ್ಲೂ ಹೊರಗೆ ಜಟಕಾದಲ್ಲೇ ಕೂತಿದಾನೆ, ಒಳಗೆ ಬರೋಕೆ ಮುಖವಿಲ್ಲ ಅಂತ."

ಮಹದೇವಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಪಶಕುನವಂತೆ! ಹರಳು ಹಾಕಿಸ್ಕೊಂಡು ಬರೋಕೆ ರಾಣಿ ಅಕ್ಕಸಾಲಿಗರ ಕೇರಿಗೆ ಹೋಗಿದ್ಲು ಅಂದ್ರಾಯ್ತು. ಯಾವ ರಾಣಿ ಹೋಗಲ್ಲ?"

ಶಾಂತಾದೇವಿಯ ನಗು ಕೊನೆಗೂ ಬಂತು. ಹೂವಿನಂಗಡಿಯವರೆಗೂ ಕೇಳಿಸುವ ಅದೇ ನಗು. ಬೀಜಗಳನ್ನೆಲ್ಲ ಮಡಿಲಿಗೆ ಬಾಚಿಕೊಂಡರು. ಪಂಕಜಾ ರಾಣಿಯನ್ನು ಎದೆಗೊತ್ತಿಕೊಂಡು ಅತ್ತಳು, ನಕ್ಕಳು, ಜಟಕಾದಲ್ಲಿ ಕೂತವನನ್ನು ಕರೆಯಲು ಬಾಗಿಲಿನವರೆಗೂ ಹೋಗಿ ನಾಚಿ ವಾಪಸು ಬಂದಳು. ಸಂಭ್ರಮ ಮನೆಗೆ ಮರಳಿತು. ಎರಡು ದಿನದ ಮೇಲೆ ಮಹದೇವಮ್ಮನಿಗೆ ಬೆನ್ನು ಹಗುರವಾಯಿತು. ಇನ್ನು ಸದಾಶಿವಯ್ಯನವರು ಹಿಂದೆ ತಿರುಗಿ ನೋಡಲಿ, ತಕ್ಕದ್ದೇ ಹೇಳುತ್ತೇನೆ ಅಂದುಕೊಂಡರು.

ಪಂಕಜಾ ರಾಣಿಯ ಪೀಠವನ್ನು ಮಗುಚಿದಳು.

ಅದು ಅವಳಿಗೆ ಚಿಕ್ಕಂದಿನ ಅಭ್ಯಾಸ. ಪ್ರತಿ ವರ್ಷ ಜೋಡಿಯನ್ನು ಪಟ್ಟಕ್ಕೆ ಕೂರಿಸುವ ಮುನ್ನ ಮಂಗಳಮ್ಮ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಹೆಬ್ಬೆರಳಿನಿಂದ ಪೀಠದ ಅಡಿಗೆ ಒತ್ತುತ್ತಿದ್ದರು. ಗುರುತಿನ ಮೇಲೆ ಗುರುತು ಬಿದ್ದು ಅಲ್ಲಿ ಮರವೇ ಕಾಣುತ್ತಿರಲಿಲ್ಲ. ಅಮ್ಮನ ಬೆರಳಿನ ಮೇಲೆ ತನ್ನ ಬೆರಳಿಡಲು ಪಂಕಜಾ ಕೈ ಚಾಚಿದಳು. ಕೈ ಅಲ್ಲೇ ನಿಂತಿತು.

"ಅಮ್ಮನ ಬೆರಳಿಲ್ಲ," ಎಂದಳು.

ಪೀಠದ ಅಡಿ ನುಣ್ಣಗೆ, ಹೊಸದಾಗಿ ಇತ್ತು. ಒಂದೇ ಒಂದು ಕುಂಕುಮದ ಕಲೆಯೂ ಇರಲಿಲ್ಲ.

"ಇದು ನಮ್ಮಮ್ಮನ ರಾಣಿ ಅಲ್ಲ ಅತ್ತೆ. ಹೋಲುತ್ತೆ ಅಷ್ಟೇ. ಇದು ಬೇರೆ ಗೊಂಬೆ."

ಶಾಂತಾದೇವಿಯ ನಗು ನಿಂತುಹೋಯಿತು. "ನನ್ನ ಮಗ ತಗೊಂಡು ಹೋದದ್ದು ಇದೇ ಕಣಮ್ಮ, ನನ್ನಾಣೆಗೂ! ಹರಳು ಕೂರಿಸೋವರೆಗೂ ಅಕ್ಕಸಾಲಿ ಎದುರಿಗೇ ಕೂತಿದ್ನಂತೆ. ಕಣ್ಣು ಕೂಡ ಆ ಕಡೆ ಈ ಕಡೆ ಮಾಡಲಿಲ್ವಂತೆ."

"ಹಂಗಂದ್ರೆ ಮಂಗಳವಾರ ಮೆಟ್ಟಿಲ ಮೇಲಿದ್ದದ್ದೇ ಇದು," ಎಂದರು ಮಹದೇವಮ್ಮ. "ಅಸ್ಲು ರಾಣಿ ಅದಕ್ಕೂ ಮುಂಚೇನೇ ಹೋಗಿದಾಳೆ."

ಈಗ ನಿಜವಾದ ಕಳವು. ಯಾರೋ ಬೇಕೆಂದೇ ಗೊಂಬೆ ಬದಲಾಯಿಸಿದ್ದಾರೆ. ಮೂವರು ಹೆಂಗಸರೂ ಪಂಕಜಾಳೂ ಒಂದೇ ಸಲ ನಂಜುಂಡಸ್ವಾಮಿಗಳ ಕಡೆ ತಿರುಗಿದರು, ಇನ್ನೇನು ಪೊಲೀಸ್ ಎಂಬ ಕೂಗು ಸೂರು ಹಾರಿಸುತ್ತದೆ ಎಂದು.

ನಂಜುಂಡಸ್ವಾಮಿಗಳು ಕನ್ನಡಕ ತೆಗೆದು ಶಲ್ಯದ ಅಂಚಿನಲ್ಲಿ ಒರೆಸುತ್ತಿದ್ದರು.

"ಹೋಗ್ಲಿ ಬಿಡಮ್ಮ," ಎಂದರು ಮೆತ್ತಗೆ. "ಗೊಂಬೆ ಸಿಕ್ತಲ್ಲ. ಮೇಲೆ ಕೂರಿಸು. ಆರತಿಗೆ ಹೊತ್ತಾಗುತ್ತೆ."

ಮಹದೇವಮ್ಮ ಅವರನ್ನೇ ನೋಡಿದರು. ಬೆಕ್ಕು ಬೆಣ್ಣೆ ನೆಕ್ಕಿದ್ದಕ್ಕೆ ಪೊಲೀಸ್ ಕರೆಯುವ ಮನುಷ್ಯ. ಎಲ್ಲದಕ್ಕೂ ಏರಿಸುವ ಮನುಷ್ಯ. ಈ ಸಲ ಜೋಡಿಯನ್ನು ಯಾರಿಗೂ ಮುಟ್ಟಗೊಡದೆ ತಾನೇ ಕೈಯಾರ ಮೇಲೆ ಕೂರಿಸಿದವನು. ಕಳ್ಳ ಒಯ್ದನೆಂದು ಊರಿಗೆಲ್ಲ ಗೊತ್ತಾಗಿದ್ದರೆ, ಅಸಲು ರಾಣಿ ಎಲ್ಲಿ ಎಂದು ಇವರನ್ನು ಯಾರೂ ಕೇಳುತ್ತಿರಲಿಲ್ಲ. ರಾಣಿ ತಿರುಗಿ ಬಂದದ್ದೇ ಇವರಿಗೆ ಕಷ್ಟವಾಯಿತು.

ನೋಡುವುದೋ, ಏರಿಸುವುದೋ?

ಶಾಂತಾದೇವಿ ಎದ್ದು ಹೋಗಬಹುದಾಗಿತ್ತು, ವಸಂತಮ್ಮನೂ ಹೋಗಬಹುದಾಗಿತ್ತು. ಇವರು ಎದ್ದು ಹೋಗುವುದೆಲ್ಲಿಗೆ? ಮನೆ ಇವರದು, ಎದುರಿಗೆ ನಿಂತ ಮಗಳೂ ಇವರದೇ. ಎಲೆ ಎಸೆಯಲಾರದವರ ಎದುರಿಗೆ ಬರೀ ನೋಡುವುದು ದಡ್ಡತನ.

ಮಹದೇವಮ್ಮ ಶಾಂತಾದೇವಿಯ ಮಡಿಲಿನಿಂದ ಬೀಜ ಹೆಕ್ಕಿ ನಂಜುಂಡಸ್ವಾಮಿಗಳ ಮುಂದೆ ಮೇಜಿನ ಮೇಲೆ ಇಟ್ಟರು.

"ಇನ್ನೆರಡು, ಸ್ವಾಮಿ. ಈ ಸಲ ಪೊಲೀಸರನ್ನ ನಾನು ಕರೆಸ್ತೀನಿ."

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. ನಂಜುಂಡಸ್ವಾಮಿಗಳು ಮಗಳ ಕಡೆ ನೋಡಿದರು, ಕುರ್ಚಿ ಎಳೆದುಕೊಂಡು ಕುಸಿದಂತೆ ಕೂತರು.

"ಬೇಡ, ಮಹದೇವಮ್ಮ." ಗುಡುಗುವ ಗಂಟಲಿನಿಂದ ಪಿಸುಮಾತು ಹೊರಟಿತು. "ಪಂಕಜಾ, ನಾನು ಕದೀಲಿಲ್ಲಮ್ಮ. ಈ ಸಲ ಪೆಟ್ಟಿಗೆ ತೆಗೆದಾಗ ರಾಜ ಒಬ್ಬನೇ ಇದ್ದ. ನಿನಗೆ ಗೊತ್ತಾದ್ರೆ ಸಂಕಟಪಡ್ತೀಯ ಅಂತ ಈ ಗೊಂಬೆ ಮಾಡಿಸಿ ತಂದೆ. ಆ ಪೆಟ್ಟಿಗೆ ಬೀಗದ ಕೈ ನಿಮ್ಮಮ್ಮ ಸಾಯೋವರೆಗೂ ಅವಳ ಸೊಂಟದಲ್ಲೇ ಇತ್ತು. ರಾಣೀನ ತೆಗೆದದ್ದು ನಿಮ್ಮಮ್ಮನೇ. ಯಾರಿಗೆ ಕೊಟ್ಳೋ, ಯಾಕೆ ಕೊಟ್ಳೋ, ನಂಗೆ ಒಂದು ಮಾತೂ ಹೇಳಲಿಲ್ಲ."

ಪಂಕಜಾ ಅಪ್ಪನ ಪಕ್ಕ ಕೂತು ಅವರ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ಅವಳಿಗೆ ಸಿಟ್ಟು ಬರಲಿಲ್ಲ. ಅಮ್ಮ ತನ್ನ ರಾಣಿಯನ್ನು ಯಾರಿಗೋ ಕೊಟ್ಟಳೆಂಬುದನ್ನು ಮಾತ್ರ ಅವಳಿಂದ ನಂಬಲಾಗಲಿಲ್ಲ. ಮೇಲೆ ರಾಜ ಒಂಟಿಯಾಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಆಗ ಮೇಜಿನ ಮೇಲೆ ಟಕ್ಕೆಂದು ಸದ್ದಾಯಿತು.

ಮಹದೇವಮ್ಮ ಇಟ್ಟಿದ್ದ ಬೀಜಗಳ ಪಕ್ಕದಲ್ಲಿ ಇನ್ನೆರಡು ಬೀಜ ಬಂದು ಕೂತಿದ್ದವು. ಮಂಗಳಮ್ಮನ ಪ್ರಾಣದ ಗೆಳತಿ ವಸಂತಮ್ಮ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ನೆಟ್ಟಗೆ ನಿಂತಿದ್ದರು.

"ಇನ್ನೆರಡು," ಎಂದರು ವಸಂತಮ್ಮ. "ಈ ಸಲ ನನ್ ಕೈಲಿರೋದು ಏಳರ ಜೋಡಿ ಅಲ್ಲ ಕಣಮ್ಮ."